ಅತ್ತವನು ಯಾರು

ನನ್ನ ಅಣ್ಣ ನನಗಿಂತ ಹನ್ನೊಂದು ನಿಮಿಷಕ್ಕೆ ದೊಡ್ಡವನು. ಆ ಹನ್ನೊಂದು ನಿಮಿಷದ ದೌಲತ್ತನ್ನು ನಲವತ್ತು ವರ್ಷವಾದರೂ ಬಿಟ್ಟಿಲ್ಲ. ಅವನು ನಟ, ನಾನು ಲಿಫ್ಟ್ ರಿಪೇರಿಯವನು. ಮುಖ ಮಾತ್ರ ಒಂದೇ ಅಚ್ಚು. ಮನೆಯವರೆಲ್ಲ ನನ್ನನ್ನು ಕಾರ್ಬನ್ ಅಂತಲೇ ಕರೆಯುವುದು. ಕೇಳಿ ಕೇಳಿ ನಾನೂ ಓಗೊಡುತ್ತೇನೆ, ಮೈ ಉರಿದರೂ.

ಅವನಿಗೆ ಸಿಕ್ಕಿದ ಸಿನಿಮಾ ಮನುಷ್ಯರ ತದ್ರೂಪು ತಯಾರಿಸುವ ವಿಜ್ಞಾನಿಯ ಕಥೆ. ಕಂಪ್ಯೂಟರಿನಲ್ಲಿ ಒಬ್ಬನನ್ನು ಇಬ್ಬರು ಮಾಡುವ ತಾಕತ್ತು ನಿರ್ದೇಶಕನಿಗೆ ಇರಲಿಲ್ಲ. ಮನೆಯಲ್ಲೇ ಇನ್ನೊಬ್ಬ ಬಿದ್ದಿದ್ದಾನೆ ಎಂದು ಅಣ್ಣ ನನ್ನನ್ನು ಎಳೆದುಕೊಂಡು ಹೋದ. ಮುಚ್ಚಿದ್ದ ಹಲ್ಲಿನ ಆಸ್ಪತ್ರೆಯೇ ಪ್ರಯೋಗಾಲಯ. ತದ್ರೂಪಿ ಹುಟ್ಟುವ ಯಂತ್ರವೆಂದರೆ ಬೆಳ್ಳಿ ಹಾಳೆ ಸುತ್ತಿದ ಎರಡು ಹಳೆ ಫ್ರಿಜ್ಜು. ಅದರ ಬಾಗಿಲು ಸಿಕ್ಕಿಹಾಕಿಕೊಂಡಾಗಲೆಲ್ಲ ಬಿಡಿಸುತ್ತಿದ್ದವನೂ ನಾನೇ.

ಎಡಗೆನ್ನೆಯಲ್ಲಿ ಮಚ್ಚೆ ಇದ್ದರೆ ತದ್ರೂಪಿ, ಇಲ್ಲದಿದ್ದರೆ ಅಸಲಿ. ಇದೊಂದೇ ಗುರುತು. ಎರಡೂ ಪಾತ್ರ ಅಣ್ಣನದೇ; ಮುಖ ಕಾಣಬೇಕಾದಾಗ ಮೇಕಪ್ಪಿನಾಕೆ ಅವನಿಗೇ ಮಚ್ಚೆ ಇಡುತ್ತಿದ್ದಳು, ಅಳಿಸುತ್ತಿದ್ದಳು. ನನ್ನದು ಬರೀ ಬೆನ್ನು, ಭುಜ, ಓಡುವ ಕಾಲು. ನಾಲ್ಕನೇ ತರಗತಿಯ ನನ್ನ ಮಗಳು ಅಪ್ಪ ಸಿನಿಮಾದಲ್ಲಿದ್ದಾನೆ ಎಂದು ಶಾಲೆಯಲ್ಲಿ ಹೇಳಿಕೊಂಡಳು. ಅದು ನಿನ್ನ ದೊಡ್ಡಪ್ಪ ಎಂದು ಜೊತೆಯ ಮಕ್ಕಳೆಲ್ಲ ನಕ್ಕರಂತೆ. ಮನೆಗೆ ಬಂದು ಅವಳು ನನ್ನ ಹತ್ತಿರ ಮಾತಾಡಲಿಲ್ಲ. ಆಗ ನನಗೆ ಒಂದು ಆಸೆ ಹುಟ್ಟಿತು. ಒಂದೇ ಒಂದು ಸಲ ನನ್ನ ಮುಖ ಬರಬೇಕು.

ಅವಕಾಶ ತಾನಾಗಿ ಬಂತು. ತದ್ರೂಪಿ ಅಳುವ ದೃಶ್ಯದ ದಿನ ಅಣ್ಣ ತಡಮಾಡಿದ. ನಿರ್ದೇಶಕ ತಲೆ ಕೆರೆದುಕೊಂಡು ನನಗೇ ಮಚ್ಚೆ ಇಡಿಸಿದ. ಕನ್ನಡಿಯ ಮುಂದೆ ನಿಂತು ವಿಜ್ಞಾನಿಯನ್ನು ಕೇಳಬೇಕು: "ನಾನು ಬರೋ ಮೊದಲು ಈ ಮುಖ ಯಾರದಾಗಿತ್ತು?" ಕೇಳಿದೆ. ಮಗಳ ಮುನಿಸು ನೆನಪಾಗಿ ಕಣ್ಣು ತುಂಬಿತು. ಕೈ ಸದಾ ಗ್ರೀಸಿನಲ್ಲಿರುವ ನನಗೆ ಮುಖವನ್ನು ಭುಜಕ್ಕೆ ಒರೆಸಿಕೊಳ್ಳುವ ಚಾಳಿ. ಹಾಗೇ ಒರೆಸಿಕೊಂಡೆ. ಮುಗಿದಾಗ ನೋಡಿದರೆ ಕ್ಯಾಮೆರಾದ ಹಿಂದೆ ಅಣ್ಣ ನಿಂತಿದ್ದ. ಯಾವುದಕ್ಕೂ ಇರಲಿ ಎಂದು ನಿರ್ದೇಶಕ ಅವನಿಂದಲೂ ಒಮ್ಮೆ ಮಾಡಿಸಿದ. ನನಗೆ ಕೆಲಸದ ಕರೆ ಬಂದಿತ್ತು, ನೋಡಲು ನಿಲ್ಲಲಿಲ್ಲ.

ಎರಡು ತಿಂಗಳ ನಂತರ ಎಡಿಟಿಂಗ್ ಕೋಣೆಗೆ ಕರೆದರು. ಮಗಳನ್ನೂ ಕರೆದುಕೊಂಡು ಹೋದೆ. ದೀಪ ಹಿಡಿಯುವವನೇ ಶಾಟಿನ ನಂಬರಿನ ಹಲಗೆಯನ್ನೂ ಹಿಡಿಯುತ್ತಿದ್ದ ಪುಣ್ಯಾತ್ಮ. ನಾನು ಅತ್ತದ್ದಕ್ಕೂ ಅಣ್ಣ ಅತ್ತದ್ದಕ್ಕೂ ಒಂದೇ ನಂಬರ್ ತೋರಿಸಿದ್ದ. ಒಂದರಲ್ಲಿ ಮುಖ ಮಸುಕು, ಇನ್ನೊಂದು ಚೆನ್ನಾಗಿತ್ತು. ಚೆನ್ನಾಗಿದ್ದುದು ಯಾರದೆಂದು ನಿರ್ದೇಶಕನಿಗೆ ಗೊತ್ತಿಲ್ಲ. ಯಾರದೋ ಅವರ ಹೆಸರನ್ನೇ ತದ್ರೂಪಿಯ ಪಾತ್ರಕ್ಕೆ ಹಾಕುತ್ತೇನೆ, ನೀವೇ ಹೇಳಿ ಎಂದ.

ಪರದೆಯ ಮೇಲೆ ಮುಖ ಬಂತು. ಅದೇ ತುಂಬಿದ ಕಣ್ಣು, ಅದೇ ಭುಜಕ್ಕೆ ಒರೆಸಿಕೊಳ್ಳುವುದು. "ಇವನೇ," ಎಂದ ಅಣ್ಣ, ತಕ್ಷಣ ನನ್ನ ಕಡೆ ಕೈ ತೋರಿಸಿ. ನಿರ್ದೇಶಕ ಮತ್ತೊಮ್ಮೆ ಹಾಕಿದ. ಆಗ ಕನ್ನಡಿಯ ಅಂಚು ಹಿಡಿದ ಕೈಗಳು ಕಂಡವು. ಲಿಫ್ಟಿನ ಬಾಗಿಲಿಗೆ ಸಿಕ್ಕಿ ಜಜ್ಜಿದ ನನ್ನ ಹೆಬ್ಬೆರಳಿನ ಉಗುರು ಹತ್ತು ವರ್ಷದಿಂದ ಸೀಳಿಕೊಂಡೇ ಇದೆ. ಪರದೆಯ ಮೇಲಿನ ಎರಡೂ ಹೆಬ್ಬೆರಳಿನ ಉಗುರುಗಳು ನೆಟ್ಟಗಿದ್ದವು. ಮೇಕಪ್ಪಿನಾಕೆ ಅದನ್ನು ಮುಚ್ಚಿದ್ದಳೇ? ಇಲ್ಲ, ಬೆರಳು ಯಾರು ನೋಡ್ತಾರೆ ಎಂದಿದ್ದಳು. ಹಾಗಾದರೆ ನನ್ನ ಭುಜದ ಚಾಳಿ ಅಲ್ಲಿಗೆ ಹೇಗೆ ಹೋಯಿತು? ನನಗೆ ತಲೆಬುಡ ತಿಳಿಯಲಿಲ್ಲ.

ಅಣ್ಣನನ್ನು ಮೆಟ್ಟಿಲ ಹತ್ತಿರ ಕರೆದು ಉಗುರು ತೋರಿಸಿದೆ. ಅವನು ನನ್ನ ಹೆಬ್ಬೆರಳನ್ನು ಹಿಡಿದು ತಿರುಗಿಸಿ ನೋಡಿದ.

"ಆ ಶಾಟು ನಂದೇ. ನಂಗೆ ಅಳು ಬರ್ಲಿಲ್ಲ ಕಣೋ. ನೀನು ಮಾಡಿದ್ದನ್ನ ನೋಡ್ಕೊಂಡು ಹಂಗೇ ಮಾಡ್ದೆ. ಭುಜಕ್ಕೆ ಒರೆಸ್ಕೊಂಡಿದ್ದೂ ಸೇರಿ."

"ಮತ್ತೆ ಇವನೇ ಅಂದೆ?"

"ಅಸಲಿ ನಿಂದು. ನಾನು ಕಾರ್ಬನ್."

ನಲವತ್ತು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬರುತ್ತದೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ. ಖುಷಿಪಡಬೇಕೋ ಕಪಾಳಕ್ಕೆ ಬಿಗಿಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಮಗಳು ಬಂದು ನನ್ನ ಆ ಸೀಳು ಬೆರಳನ್ನೇ ಹಿಡಿದಳು.

"ನಂಗೊತ್ತು ಅದು ನೀನೇ ಅಂತ. ದೊಡ್ಡಪ್ಪ ಕರ್ಚೀಫಲ್ಲಿ ಒರೆಸ್ಕೊಳ್ತಾರೆ. ನೀನೇ ಅಲ್ವಾ ಅಪ್ಪಾ?"

ನಾನು ಅಣ್ಣನ ಕಡೆ ನೋಡಿದೆ. ಅವನು ಮುಖವನ್ನು ಆ ಕಡೆ ತಿರುಗಿಸಿ ಭುಜಕ್ಕೆ ಒರೆಸಿಕೊಳ್ಳುತ್ತಿದ್ದ. ಈ ಸಲ ಯಾರೂ ಅವನಿಗೆ ತೋರಿಸಿಕೊಟ್ಟಿರಲಿಲ್ಲ.

"ಹೂಂ, ನಾನೇ," ಎಂದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ಇವತ್ತಿಗೂ ನನಗೆ ಗೊತ್ತಿಲ್ಲ.