ಹತ್ತು ಸಾವಿರ ವಾಪಸ್ ಕೇಳಿ ನೋಡಿ

ಹದಿನಾಲ್ಕು ವರ್ಷದ ಬ್ಯಾಂಕ್ ನೌಕರಿಯಲ್ಲಿ ಕೋಕಿಲಾ ಗ್ರಾಹಕರಿಗೆ ಸುಳ್ಳು ಹೇಳಿದವಳಲ್ಲ. ತೊಂಬತ್ತೇಳರ ಆ ಸೋಮವಾರ ಹೇಳಿಬಿಟ್ಟಳು.

ಮಲ್ಲೇಶ್ವರದ ಶಾಖೆಯಲ್ಲಿ ಅವಳ ಕೌಂಟರಿನ ಮುಂದೆ ನಿಂತಿದ್ದವರು ಆಂಡಾಳ್ ಮೇಡಂ. ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು, ಒಂಟಿ ಜೀವ. ನಿವೃತ್ತಿಯಾದಾಗ ಬಂದ ಎರಡು ಲಕ್ಷವನ್ನು ಎಫ್.ಡಿ.ಯಲ್ಲಿಟ್ಟಿದ್ದರು. ಈಗ ಅದನ್ನು ಮುರಿಸಬೇಕಂತೆ.

"ಅವೆನ್ಯೂ ರಸ್ತೇಲಿ ಒಂದು ಫೈನಾನ್ಸ್ ಕಂಪನಿ ಇದೆಯಮ್ಮಾ. ನೂರಕ್ಕೆ ಮೂವತ್ತು ಬಡ್ಡಿ! ಹತ್ತು ಸಾವಿರ ಹಾಕಿದೀನಿ, ಮೂರು ತಿಂಗಳಿಂದ ಒಂದನೇ ತಾರೀಖು ಸರಿಯಾಗಿ ಬರ್ತಿದೆ. ಅಸಲು ಬೇಕಾದಾಗ ತಗೋಬಹುದಂತೆ."

ಇಷ್ಟು ಬಡ್ಡಿಯ ಆಸೆ ತೋರಿಸಿದ ಕಂಪನಿಗಳು ರಾತ್ರೋರಾತ್ರಿ ಮುಚ್ಚಿದ್ದನ್ನು ಕೋಕಿಲಾ ಕಂಡಿದ್ದಳು. ಒಳಗೆ ಹೋಗಿ ಮ್ಯಾನೇಜರ್ ರಾಮಾನುಜ ಅವರಿಗೆ ಹೇಳಿದಳು. "ಅವರ ದುಡ್ಡು, ಅವರಿಷ್ಟ. ತಡೆಯೋಕೆ ನಾವ್ಯಾರು?" ಎಂದರು ಅವರು. ಮಾತು ಸರಿಯಾಗಿಯೇ ಇತ್ತು. ಆದರೂ ಕೌಂಟರಿಗೆ ಮರಳಿದವಳ ಬಾಯಿಂದ ಬಂದದ್ದು, "ಸಹಿ ತಾಳೆಯಾಗ್ತಿಲ್ಲ ಮೇಡಂ, ಗುರುವಾರ ಬನ್ನಿ."

ಮೂರು ದಿನ ಅವಳು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಇಳಿಯುವ ಸ್ಟಾಪು ತಪ್ಪಿ ಶೇಷಾದ್ರಿಪುರಂವರೆಗೆ ಹೋಗಿ ನಡೆದು ಬಂದಳು.

ಗುರುವಾರ ಬಾಗಿಲು ತೆಗೆಯುವ ಮೊದಲೇ ಆಂಡಾಳ್ ಹಾಜರು. ಒಂದು ಹಾಳೆಯ ತುಂಬ ಸಹಿ ಹಾಕಿ ತಂದಿದ್ದರು.

"ಮೂವತ್ತಾರು ವರ್ಷ ಮಾರ್ಕ್ಸ್ ಕಾರ್ಡಿಗೆ ಹಾಕಿದ ಸಹಿ. ಎಲ್ಲಿ ತಪ್ಪಿದೆ, ತೋರಿಸು."

"ತಪ್ಪಿಲ್ಲ ಮೇಡಂ. ನಾನೇ ಸುಳ್ಳು ಹೇಳ್ದೆ."

ಆಂಡಾಳ್ ಮುಖ ಕೆಂಪಾಯಿತು. "ನಂಗೆ ವಯಸ್ಸಾಗಿದೆ, ಬುದ್ಧಿ ಹೋಗಿಲ್ಲ!"

"ಬುದ್ಧಿ ಇದೆ ಅಂತಲೇ ಕೇಳ್ತಿದೀನಿ. ಎರಡು ಲಕ್ಷ ಕೊಡೋ ಮೊದಲು ಆ ಹತ್ತು ಸಾವಿರ ವಾಪಸ್ ಕೇಳಿ ನೋಡಿ. ಕೊಟ್ರೆ ಈ ಫಾರಂ ನಾನೇ ಪಾಸ್ ಮಾಡಿಸ್ತೀನಿ."

"ನೀನೂ ಬಾ, ಕಣ್ಣಾರೆ ನೋಡು," ಎಂದರು ಆಂಡಾಳ್, ಸವಾಲಿನಂತೆ.

ಕೋಕಿಲಾ ಅರ್ಧ ದಿನ ರಜೆ ಹಾಕಿದಳು. ಇಬ್ಬರೂ ಆಟೋದಲ್ಲಿ ಅವೆನ್ಯೂ ರಸ್ತೆಗೆ ಹೋದರು. ಕಂಪನಿಯಿದ್ದದ್ದು ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಅಲ್ಲಿದ್ದ ಯುವಕ ಮೊದಲು ಬಾದಾಮಿ ಹಾಲು ಕೊಟ್ಟ. ವಿಷಯ ಕೇಳಿದ ಮೇಲೆ ಮೇಜಿನ ಕಾಗದಗಳನ್ನು ಜೋಡಿಸತೊಡಗಿದ.

"ಚೆಕ್‌ಗೆ ಸಹಿ ಹಾಕೋರು ಊರಲ್ಲಿಲ್ಲ ಅಮ್ಮಾ. ಮುಂದಿನ ವಾರ ಬನ್ನಿ."

"ಇವತ್ತು ನಾನು ದುಡ್ಡು ಕಟ್ಟಿದ್ರೆ ರಸೀತಿಗೆ ಯಾರು ಸಹಿ ಹಾಕ್ತಾರೆ?" ಎಂದು ಆಂಡಾಳ್ ಕೇಳಿದರು.

"ಅದನ್ನ... ನಾನೇ ಹಾಕ್ತೀನಿ."

ಆಂಡಾಳ್ ಲೋಟ ಕೆಳಗಿಟ್ಟರು. ಪಕ್ಕದಲ್ಲಿ ಬಟ್ಟೆಚೀಲ ಹಿಡಿದು ಕೂತಿದ್ದ ವೃದ್ಧರೊಬ್ಬರ ಕಡೆ ತಿರುಗಿ, "ಸ್ವಾಮಿ, ಸ್ವಲ್ಪ ಯೋಚ್ನೆ ಮಾಡಿ," ಎಂದರು. "ನಿಮ್ಮ ಕೆಲ್ಸ ನೀವು ನೋಡ್ಕೊಳ್ರೀ," ಎಂದು ಆತ ಎದ್ದು ಹಣ ಕಟ್ಟಲು ಹೋದರು.

ಮೆಟ್ಟಿಲಿಳಿಯುವಾಗ ಆಂಡಾಳ್ ಕೋಕಿಲಾಳ ಕಡೆ ತಿರುಗಿದರು. "ಹೋಂವರ್ಕ್ ಪುಸ್ತಕ ಮನೇಲಿ ಬಿಟ್ಟುಬಂದೆ ಅನ್ನೋ ಮಕ್ಕಳ ಮುಖ ಕಣೇ ಆ ಹುಡುಗಂದು," ಎಂದರು. ಎಫ್.ಡಿ. ಮುರಿಯುವ ಫಾರಂ ಚೀಲದಿಂದ ತೆಗೆದು ಅಲ್ಲೇ ಹರಿದುಹಾಕಿದರು.

ಎರಡು ತಿಂಗಳಲ್ಲಿ ಕಂಪನಿಗೆ ಬೀಗ ಬಿತ್ತು. ಆಂಡಾಳ್ ಪೊಲೀಸಿಗೆ ದೂರು ಕೊಟ್ಟರು. ಹತ್ತು ಸಾವಿರ ಬರಲಿಲ್ಲ, ಎರಡು ಲಕ್ಷ ಉಳಿಯಿತು.

ಆಮೇಲೊಮ್ಮೆ ಕೌಂಟರಿಗೆ ಬಂದು ಹೇಳಿದರು: "ಸುಳ್ಳು ಹೇಳಿದ್ದು ತಪ್ಪು. ನೇರವಾಗಿ ಹೇಳ್ಬೇಕಿತ್ತು ನೀನು."

"ಹೇಳಿದ್ರೆ ಕೇಳ್ತಿದ್ರಾ ಮೇಡಂ?"

ಆಂಡಾಳ್ ಪಾಸ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡರು.

"ಇಲ್ಲ," ಎಂದರು.