ಒಂಬತ್ತು ಇಪ್ಪತ್ತರ ಸೀಸೆ

ಸತ್ತವಳ ಕೈಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ ತಡಕುತ್ತಿದ್ದಾಗಲೇ ಕಿರಿಯ ನರ್ಸ್ ಸಿಕ್ಕಿಬಿದ್ದಳು. ಬಾಗಿಲಲ್ಲಿ ಸತ್ತವಳ ಮಗಳು ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು, ಆದರೆ ದನಿಯಲ್ಲಿ ಅಳು ಇರಲಿಲ್ಲ.

"ಏನ್ ಹುಡುಕ್ತಿದೀರಾ?"

ಹೊರಗಿನ ಕೋಣೆಯಲ್ಲಿ ಹೆಣವಿತ್ತು, ಹೆಣದ ಸುತ್ತ ಜನವಿತ್ತು. ಹನ್ನೊಂದೂವರೆಗೆ ವ್ಯಾನು ಬರುತ್ತದೆ ಎಂದು ಯಾರೋ ನಾಲ್ಕನೆಯ ಸಲ ಹೇಳುತ್ತಿದ್ದರು. ಆಗಲೇ ಹತ್ತೂ ಐವತ್ತು. ಕಿರಿಯಳು ಚೀಲದಿಂದ ಕೈ ಹೊರಗೆಳೆದಳು. ಅಕ್ಕನ ನೀಲಿ ರಟ್ಟಿನ ನೋಟ್‌ಬುಕ್ಕು ಬೇಕಿತ್ತು ಎಂದಳು.

"ಅಮ್ಮನ್ನ ಇನ್ನೂ ಮನೆಯಿಂದ ಎತ್ತಿಲ್ಲ. ನಿಮ್ಮ ಕ್ಲಿನಿಕ್ಕಿನ ಕೆಲಸ ನಾಳೆಗಾಗಲ್ವಾ?"

"ನಾಳೆಗಾಗಲ್ಲ."

ಸತ್ತವಳು ಕ್ಲಿನಿಕ್ಕಿನ ಲಸಿಕೆ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಊರಿಗೆಲ್ಲ ಗಡಿಯಾರದಕ್ಕ. ಊರಿನ ಅರ್ಧ ಜನ ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡವರು, ಇನ್ನರ್ಧ ಜನ ತಡವಾಗಿ ಬಂದು ಅವಳಿಂದ ಬೈಸಿಕೊಂಡವರು. ನಿನ್ನೆ ಸಂಜೆ ಏಳೂವರೆಗೆ, ಊರಿನ ಇನ್ನೊಂದು ತುದಿಯಲ್ಲಿ, ಯಾವುದೋ ಮೂರು ಮಹಡಿಯ ಕಟ್ಟಡದ ಮೆಟ್ಟಿಲ ಮೇಲೆ ಕೂತವಳು ಕೂತ ಹಾಗೆಯೇ ಹೋಗಿಬಿಟ್ಟಿದ್ದಳು. ಹೃದಯ ನಿಂತಿತು ಎಂದರು ಆಸ್ಪತ್ರೆಯವರು. ಐದೂವರೆ ಎಂದರೆ ಐದೂವರೆಗೆ ಮನೆ ಬಾಗಿಲು ತಳ್ಳುವ ಹೆಂಗಸು ಆ ಹೊತ್ತಿನಲ್ಲಿ ಅಲ್ಲೇನು ಮಾಡುತ್ತಿದ್ದಳು? ಅವಳ ಗಂಡ, ದರ್ಜಿ, ಬೆಳಗಿನಿಂದ ಬಂದವರನ್ನೆಲ್ಲ ಅದೊಂದನ್ನೇ ಕೇಳುತ್ತಿದ್ದ. ಬಂದವರು ಅವನ ಮುಂದೆ ಗೊತ್ತಿಲ್ಲ ಎನ್ನುವುದು, ಹೊರಗೆ ಹೋಗಿ ಎಲ್ಲ ಗೊತ್ತಿದ್ದವರ ಹಾಗೆ ಪಿಸುಗುಟ್ಟುವುದು. ಜನರ ಬಾಯಿಗೆ ಬೀಗ ಹಾಕಲಾದೀತೇ.

ಮಗಳು ಬಾಗಿಲು ಮುಂದಕ್ಕೆ ಎಳೆದಳು. "ಅಮ್ಮ ಅಲ್ಲಿಗ್ಯಾಕೆ ಹೋದ್ಲು ಅಂತ ನಿಮಗೆ ಗೊತ್ತಿದೆ. ನಿಮ್ಮ ಮುಖ ಹೇಳ್ತಿದೆ. ಮೊದ್ಲು ಅದನ್ನ ಹೇಳಿ."

ಗೊತ್ತಿತ್ತು. ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ಕಿನ ಫ್ರಿಜ್ಜು ತೆಗೆದಾಗಿನಿಂದ ಗೊತ್ತಿತ್ತು.

*

ಎರಡು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ, ಗಡಿಯಾರದಕ್ಕ ಅವಳ ಕೈಗೆ ಕೊಟ್ಟದ್ದು ಸೂಜಿಯಲ್ಲ, ಪೆನ್ನು. ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ಅದರ ಜೊತೆಗೇ ಬಂದ ನೀರನ್ನು ಬೆರೆಸಬೇಕು. ಒಂದು ಸೀಸೆ ಹತ್ತು ಮಕ್ಕಳಿಗೆ. ಬೆರೆಸಿದ ಗಳಿಗೆಯಿಂದ ಆರು ಗಂಟೆ ಅದರ ಆಯಸ್ಸು. ಆಮೇಲೆ ಎಷ್ಟೇ ಉಳಿದಿರಲಿ, ಕಸ. ಆದ್ದರಿಂದ ಬೆರೆಸಿದ ಹೊತ್ತನ್ನು ಸೀಸೆಯ ಮೇಲೆ ಬರೆಯಬೇಕು. ಐಸ್ ಬಾಕ್ಸಿನ ಸ್ಪಂಜಿನಲ್ಲಿ ಬದುಕಿರುವ ಸೀಸೆ ಮಾತ್ರ ನಿಲ್ಲಬೇಕು. ಹೊತ್ತು ಮುಗಿದದ್ದು ಆ ಕ್ಷಣವೇ ಕೆಂಪು ಡಬ್ಬಿಗೆ.

"ಹೊತ್ತು ದಾಟಿದ್ರೆ ಅದರೊಳಗೆ ಏನ್ ಹುಟ್ಟಿರತ್ತೋ ಕಣ್ಣಿಗೆ ಕಾಣಲ್ಲ ಕಣೇ," ಎಂದಿದ್ದಳು ಅಕ್ಕ. "ಮಗು ಮೈ ಸೇರಿದ್ಮೇಲೆ ಕಾಣತ್ತೆ. ದಡಾರದ ಸೂಜಿಗೆ ಜ್ವರ ಬರೋದು ವಾರ ಕಳೆದ್ಮೇಲೆ. ಅದೇ ದಿನಾನೋ ಮಾರನೇ ದಿನಾನೋ ಜ್ವರ, ವಾಂತಿ, ಭೇದಿ ಅಂದ್ರೆ ಅದು ಸೂಜಿ ಜ್ವರ ಅಲ್ಲ. ಆಗ ಆಸ್ಪತ್ರೆಗೆ ಓಡಿದೋರ ಮಗು ಉಳಿಯತ್ತೆ."

ಓಡದವರ ಮಗುವಿನ ಮಾತನ್ನು ಅಕ್ಕ ಆಡಲಿಲ್ಲ.

ಅವಳದು ಇನ್ನೊಂದು ಕಾನೂನಿತ್ತು. ಯಾವ ತಾಯಿಯಾದರೂ ಸುಸ್ತಾದ ಮಗು ಎತ್ತಿಕೊಂಡು ಬಂದರೆ ಇಡೀ ಸಾಲು ಹಿಂದೆ ಸರಿಯಬೇಕು. "ಹಿಂದಕ್ಕೆ ಸರೀರಿ, ಮೊದ್ಲು ಮಗು," ಎಂದು ಕೂಗಿದಳೆಂದರೆ ಡಾಕ್ಟರೂ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಒಮ್ಮೆ ಅವಳ ಗಂಡನೇ ಹೊಲಿಗೆ ಮಿಷನ್ನಿನ ಸೂಜಿ ಬೆರಳಿಗೆ ನಾಟಿಸಿಕೊಂಡು, ರಕ್ತ ಸುರಿಸುತ್ತಾ ಬಂದು ಸಾಲಿನ ಮುಂದೆ ನಿಂತಿದ್ದ. ಹೆಂಡತಿಯ ಕ್ಲಿನಿಕ್ಕು, ತನಗೆ ಅಷ್ಟಾದರೂ ಮರ್ಯಾದೆ ಇರದೇ ಎಂದುಕೊಂಡಿದ್ದನೋ ಏನೋ. ಅಷ್ಟರಲ್ಲಿ ಒಬ್ಬಳು ಮಗು ಎತ್ತಿಕೊಂಡು ಓಡಿಬಂದಳು. "ನಿಮ್ಮ ಬೆರಳು ಎಲ್ಲಿಗೂ ಓಡಿಹೋಗಲ್ಲ, ಹಿಂದಕ್ಕೆ ಸರೀರಿ," ಎಂದಳು ಗಡಿಯಾರದಕ್ಕ. ಸಾಲಿಗೆ ಸಾಲೇ ನಕ್ಕಿತು. ಆರಕ್ಕೇರದ ಮೂರಕ್ಕಿಳಿಯದ ಆ ಮನುಷ್ಯ ಬೆರಳು ಹಿಡಿದುಕೊಂಡು ಹೋಗಿ ಸಾಲಿನ ತುದಿಯಲ್ಲಿ ನಿಂತ.

*

"ನಿನ್ನೆ ಸಂಜೆ ಮೂರು ಮಕ್ಕಳಿಗೆ ಹೊತ್ತು ಮೀರಿದ ಸೀಸೆಯಿಂದ ಸೂಜಿ ಬಿದ್ದಿದೆ," ಎಂದಳು ಕಿರಿಯಳು. "ಒಂಬತ್ತು ಇಪ್ಪತ್ತಕ್ಕೆ ಬೆರೆಸಿದ್ದು. ಹಾಕಿದ್ದು ನಾಲ್ಕೂ ನಲವತ್ತಕ್ಕೆ. ಅಕ್ಕ ಆ ಸೀಸೇನ ಕವರಿಗೆ ಹಾಕಿ ಫ್ರಿಜ್ಜಿನ ಮೂಲೇಲಿ ಬೇರೆ ಇಟ್ಟಿದಾರೆ, ರಿಜಿಸ್ಟರಲ್ಲಿ ಮೂರು ಹೆಸರಿಗೆ ಸುತ್ತು ಹಾಕಿದಾರೆ. ಆ ಮಕ್ಕಳ ಮನೆಗೇ ಹೋಗಿದ್ರು."

ಮಗಳು ಗೋಡೆಗೆ ಒರಗಿದಳು. "ಅಮ್ಮ? ಹೊತ್ತು ತಪ್ಪಿದ್ಲಾ?"

ಕಿರಿಯಳು ಕೈಚೀಲದ ಬಾಯಿ ಮುಚ್ಚಿದಳು. ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿದಾಗ ಅವರು ಗಾಬರಿಯಿಂದ ಮೊದಲು ಹೇಳಿದ್ದೇ, ಅಂಥದ್ದು ಆಗುವುದು ಲಕ್ಷಕ್ಕೊಂದು, ಮಣ್ಣು ಮುಗಿಯುವವರೆಗೆ ಸುಮ್ಮನಿರು, ಹೇಳಲೇಬೇಕಾಗಿ ಬಂದರೂ ಸೂಜಿ ಹಾಕಿದ್ದು ಅವರ ಕೈ, ಸತ್ತವರನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಎಂದು. ಸುಮ್ಮನಿರಲಾಗದೆ ಅವಳೇ ಆ ಮೂರು ನಂಬರಿಗೂ ಫೋನು ಹಚ್ಚಿದ್ದಳು. ಎರಡು ಮನೆಯವರು, ಗಡಿಯಾರದಕ್ಕ ನಿನ್ನೆಯೇ ಬಂದು ಹೇಳಿ ಹೋದರು, ಮಗು ಚೆನ್ನಾಗಿದೆ ಎಂದರು. ಮೂರನೆಯ ನಂಬರು ಸತ್ತು ಬಿದ್ದಿತ್ತು. ಆ ಮನೆಯ ದಾರಿ ರಿಜಿಸ್ಟರಿನಲ್ಲಿ ಇಲ್ಲ. ದಿನ ತಪ್ಪಿಸಿದ ತಾಯಂದಿರ ಮನೆ ಹುಡುಕಿ ಹೋಗುವ ಚಟ ಗಡಿಯಾರದಕ್ಕನಿಗೆ ಮಾತ್ರ ಇದ್ದದ್ದು. ಎಲ್ಲ ದಾರಿಯೂ ಆ ನೀಲಿ ನೋಟ್‌ಬುಕ್ಕಿನಲ್ಲಿ.

ಮಗಳು ಬೀರು ತೆಗೆದು, ಸೀರೆಗಳ ಅಡಿಯಿಂದ ನೋಟ್‌ಬುಕ್ಕು ಎಳೆದಳು. ಅಮ್ಮ ಸಿಕ್ಕಾಗ ಇದು ಅವಳ ಕೈಯಲ್ಲಿತ್ತು ಎಂದಳು. ಕೊನೆಯ ಪುಟ ಅರ್ಥವಾಗಲಿಲ್ಲ, ಅಪ್ಪನ ಕಣ್ಣಿಗೆ ಬೀಳದಿರಲಿ ಎಂದು ಮುಚ್ಚಿಟ್ಟಿದ್ದಳಂತೆ.

ಪುಟದ ನೆತ್ತಿಯಲ್ಲಿ ಬರೆದಿತ್ತು: ತಪ್ಪು ನನ್ನ ಕೈಯದು. ಕೆಳಗೆ ಮೂರು ಸಾಲು.

ಹಿಟ್ಟಿನ ಗಿರಣಿ ಹಿಂದೆ, ಹಸಿರು ಗೇಟು. 6.05. ಮಗು ಆಡುತ್ತಿದೆ. ಹೇಳಿದೆ.

ಅಂಚೆ ಕಚೇರಿ ಎದುರು, ಮೂರನೇ ಮಹಡಿ. 7.10. ಚೆನ್ನಾಗಿದೆ. ಹೇಳಿದೆ. ಬೈದರು.

ಸೇತುವೆ ದಾಟಿ, ಸೈಕಲ್ ಅಂಗಡಿ ಮೇಲೆ.

ಮೂರನೆಯ ಸಾಲಿನ ಮುಂದೆ ಏನೂ ಇರಲಿಲ್ಲ.

*

ನಿನ್ನೆ ಮೂರೂ ಇಪ್ಪತ್ತಕ್ಕೆ ಗಡಿಯಾರದಕ್ಕ ಡಾಕ್ಟರ ಕೋಣೆಗೆ ಹೋಗುತ್ತಾ, ಒಂಬತ್ತು ಇಪ್ಪತ್ತರದ್ದು ಮುಗೀತು, ಬಿಸಾಕು, ಎಂದು ಹೇಳಿ ಹೋದಳು. ಕಿರಿಯಳು ಸೀಸೆ ಎತ್ತಿಕೊಂಡಳು. ಒಳಗೆ ಇನ್ನೂ ನಾಲ್ಕು ಮಕ್ಕಳಿಗಾಗುವಷ್ಟಿತ್ತು. ಲಸಿಕೆ ಪೋಲಾಗುತ್ತಿದೆ ಎಂದು ಹೋದ ತಿಂಗಳಷ್ಟೇ ಮೇಲಿನವರು ಕಾಗದ ಬರೆದಿದ್ದರು. ಈಗೊಬ್ಬಳು ತಾಯಿ ಬಂದರೆ ಇನ್ನೊಂದು ಹೊಸ ಸೀಸೆ ಒಡೆಯಬೇಕು, ಅದರಲ್ಲಿ ಒಂಬತ್ತು ಕಸಕ್ಕೆ. ಹೊಟ್ಟೆ ಉರಿಯಿತು. ಐದು ನಿಮಿಷ ನೋಡಿ ಬಿಸಾಕಿದರಾಯಿತು ಎಂದು ಅದನ್ನು ಮತ್ತೆ ಸ್ಪಂಜಿನ ಮೇಲೇ ಇಟ್ಟಳು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಯಾರದೋ ಮಂಡಿಗೆ ಪಟ್ಟಿ ಕಟ್ಟಲು ಕರೆದರು. ಹೋದವಳು ಮರೆತಳು. ನಾಲ್ಕೂವರೆಗೆ ಮನೆಗೂ ಹೋದಳು.

ನಾಲ್ಕೂ ನಲವತ್ತಕ್ಕೆ ಮೂವರು ತಾಯಂದಿರು ಒಟ್ಟಿಗೆ ಬಂದಿರಬೇಕು. ಅಕ್ಕನ ಕನ್ನಡಕ ನೆತ್ತಿಯ ಮೇಲಿದ್ದಿರಬೇಕು. ಸ್ಪಂಜಿನ ಮೇಲೆ ನಿಂತದ್ದು ಬದುಕಿರುವ ಸೀಸೆ ಎಂದು ಮೂವತ್ತೊಂದು ವರ್ಷ ನಂಬಿದ ಕೈ ಅದನ್ನು ಎತ್ತಿಕೊಂಡಿತು.

*

ಸತ್ತವರ ತಲೆಯ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ. ಇಲ್ಲಿ ಸತ್ತವಳೇ ಗೂಬೆಯನ್ನು ಕರೆದು ಕೂರಿಸಿಕೊಂಡು, ಸಹಿ ಹಾಕಿದಂತೆ ಬರೆದಿಟ್ಟು ಹೋಗಿದ್ದಳು. ಕಿರಿಯಳು ಆ ಸಾಲನ್ನು ಎರಡು ಸಲ ಓದಿದಳು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು.

"ಇದು ಸುಳ್ಳು," ಎಂದಳು. "ತಪ್ಪು ನಂದು. ಬಿಸಾಕು ಅಂದಿದ್ರು. ನಾನು ಬಿಸಾಕ್ಲಿಲ್ಲ."

ಮಗಳು ಕೈ ಎತ್ತಿದಳು. ಹೊಡೆಯುತ್ತಾಳೆ ಎಂದುಕೊಂಡು ಕಿರಿಯಳು ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ.

"ನೀವು ಬಿಸಾಕಿದ್ರೆ ಅಮ್ಮ ನಿನ್ನೆ ಐದೂವರೆಗೆ ಮನೇಲಿರ್ತಿದ್ಲು."

"ಹೌದು."

"ಇದನ್ನ ಅಪ್ಪನ ಮುಂದೆ, ಈ ಜನರ ಮುಂದೆ ಹೇಳ್ತೀರಾ?"

"ಹೇಳ್ತೀನಿ. ಈಗ ಮೂರನೇ ಮನೆಗೆ ಹೋಗ್ಬೇಕು."

ಹೊರಗೆ ಯಾರೋ ಮಗಳನ್ನು ಕರೆದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಅಪ್ಪಂಗೆ ನಾನೇ ಹೇಳ್ತೀನಿ," ಎಂದಳು. "ನೀವು ಹೋಗಿ. ನಿಮ್ಮ ಮುಖ ನೋಡಕ್ಕಾಗ್ತಿಲ್ಲ, ಹೋಗಿ."

ಗೇಟಿನಲ್ಲಿ ಡಾಕ್ಟರು ಹೂವಿನ ಹಾರ ಹಿಡಿದು ಒಳಗೆ ಬರುತ್ತಿದ್ದರು. ವ್ಯಾನು ಬರುವ ಹೊತ್ತಿಗೆ ಎಲ್ಲಿಗೆ ಹೊರಟೆ ಎಂದು ಕೇಳಿದರು. ಅವಳು ನಿಲ್ಲಲಿಲ್ಲ.

ಸೈಕಲ್ ಅಂಗಡಿಯ ಮೇಲಿನ ಮನೆ ಒಂದೇ ಕೋಣೆಯದು. ತಾಯಿ ಬಾಗಿಲು ತೆಗೆದು, ನರ್ಸನ್ನು ಕಂಡು ನಕ್ಕಳು. ಒಳ್ಳೇ ಹೊತ್ತಿಗೆ ಬಂದ್ರಿ ಸಿಸ್ಟರ್, ರಾತ್ರಿಯಿಂದ ಮಗೂಗೆ ಜ್ವರ, ಬೆಳಿಗ್ಗೆ ಮೂರು ಸಲ ವಾಂತಿ, ಆದರೆ ಸೂಜಿ ಹಾಕಿದ ಮೇಲೆ ಜ್ವರ ಬರುವುದು ಇದ್ದದ್ದೇ ಅಲ್ಲವೇ, ಹೋದ ಸಲ ನೀವೇ ಹೇಳಿದ್ದಿರಲ್ಲ, ಔಷಧಿ ಕುಡಿಸಿ ಮಲಗಿಸಿದ್ದೇನೆ, ಎಂದಳು.

ಕಿರಿಯಳು ಒಳಗೆ ಹೋಗಿ ಮಂಡಿಯೂರಿದಳು. ಚಾಪೆಯ ಮೇಲೆ ಒಂಬತ್ತು ತಿಂಗಳ ಹೆಣ್ಣುಮಗು. ಅಂಗಾಲು ತಣ್ಣಗೆ, ಹೊಟ್ಟೆ ಸುಡುವಷ್ಟು ಬಿಸಿ. ಥರ್ಮಾಮೀಟರು ನೂರಾ ಮೂರು ದಾಟಿತು. ಕೆನ್ನೆ ತಟ್ಟಿದರೆ ಕಣ್ಣು ಬಿಟ್ಟಿತು, ಅಳಲಿಲ್ಲ.

"ಇದು ಸೂಜಿ ಜ್ವರ ಅಲ್ಲಮ್ಮ. ನನ್ನಿಂದಾದ ತಪ್ಪು. ಬೈಯೋದನ್ನ ಆಮೇಲೆ ಬೈಯಿ, ಮೊದ್ಲು ಮಗು ಎತ್ಕೋ, ದೊಡ್ಡಾಸ್ಪತ್ರೆಗೆ ಹೋಗ್ಬೇಕು."

ಆಟೋದಲ್ಲಿ ಕೂತಾಗ ಹನ್ನೊಂದೂ ನಲವತ್ತೆರಡು. ಒಂದೇ ಗಾಡಿ ಹಿಡಿಯುವ ಸೇತುವೆ ಅದು. ಆಟೋ ಅರ್ಧ ದಾಟುವಷ್ಟರಲ್ಲಿ ಎದುರಿನಿಂದ, ಹಾರ ಹಾಕಿದ ಬಿಳಿ ವ್ಯಾನು ಸೇತುವೆ ಏರಿತು. ಅದರ ಹಿಂದೆ ಒಂದು ಕಾರು, ಇನ್ನೊಂದು ಕಾರು, ನಾಲ್ಕಾರು ಸ್ಕೂಟರು. ಸ್ಮಶಾನ ಸೇತುವೆಯ ಈಚೆಗಿತ್ತು, ಆಸ್ಪತ್ರೆ ಆಚೆಗಿತ್ತು.

ಆಟೋದವನು ಬ್ರೇಕು ಹಾಕಿ, ಹೆಣದ ಗಾಡಿಗೆ ದಾರಿ ಬಿಡಲೇಬೇಕಲ್ಲ ಮೇಡಂ, ಎನ್ನುತ್ತಾ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಆಗಲೇ ಎರಡು ಲಾರಿ ನಿಂತಿದ್ದವು. ತಾಯಿಯ ಮಡಿಲಲ್ಲಿ ಮಗು ಮತ್ತೆ ವಾಂತಿ ಮಾಡಿಕೊಂಡಿತು. ಕಿರಿಯಳು ಕೆಳಗಿಳಿದು ಓಡಿದಳು. ಕೈಯಲ್ಲಿದ್ದ ನೀಲಿ ನೋಟ್‌ಬುಕ್ಕನ್ನೇ ಮೇಲೆತ್ತಿ ಆಡಿಸಿದಳು.

ವ್ಯಾನಿನ ಮುಂದಿನ ಬಾಗಿಲು ತೆರೆಯಿತು. ದರ್ಜಿ ಇಳಿದ. ನೋಟ್‌ಬುಕ್ಕು ನೋಡಿದ, ಆಟೋ ಕಡೆ ನೋಡಿದ. ಮಗಳು ಅವನಿಗೆ ಎಲ್ಲ ಹೇಳಿದ್ದಾಳೆಂದು ಆ ಮುಖವೇ ಹೇಳಿತು. ಈಗ ಉಗಿಯುತ್ತಾನೆ ಎಂದುಕೊಂಡಳು ಕಿರಿಯಳು.

"ಮೂರನೇದಾ?" ಎಂದು ಕೇಳಿದ.

ಅವಳು ತಲೆಯಾಡಿಸಿದಳು.

ಅವನು ಅವಳಿಗೆ ಬೆನ್ನು ತಿರುಗಿಸಿ ಸಾಲಿನ ಕಡೆ ನಡೆದ. ಜನ್ಮದಲ್ಲಿ ಯಾರ ಮೇಲೂ ದನಿಯೆತ್ತದವನು ಕತ್ತಿನ ನರ ಉಬ್ಬಿಸಿ ಕೂಗಿದ.

"ಹಿಂದಕ್ಕೆ ಸರೀರಿ! ಮೊದ್ಲು ಮಗು!"

ಸ್ಕೂಟರುಗಳು ಮೊದಲು ತಿರುಗಿದವು, ಆಮೇಲೆ ಕಾರುಗಳು ಹಿಂದಕ್ಕೆ ಹೊರಟವು. ಕಾರಿನಲ್ಲಿ ಕೂತಿದ್ದ ಡಾಕ್ಟರೂ ಇಳಿದು ಸೇತುವೆಯ ಕಂಬಿಗೆ ಅಂಟಿ ನಿಂತರು. ಕಿರಿಯಳು ಆಟೋಗೆ ಹತ್ತಿ, ನೋಟ್‌ಬುಕ್ಕಿನ ಮೂರನೆಯ ಸಾಲಿನ ಮುಂದೆ ಹೊತ್ತು ಬರೆದಳು: 11.49. ಹೇಳಿದೆ. ಆಟೋ ಮುಂದೆ ಮುಂದೆ ಹೋದಂತೆ, ದರ್ಜಿ ಒಂದು ಕೈಯನ್ನು ವ್ಯಾನಿನ ಮೈಮೇಲಿಟ್ಟು, ಇನ್ನೊಂದು ಕೈಯಿಂದ ಡ್ರೈವರಿಗೆ ಸನ್ನೆ ಮಾಡುತ್ತಾ ಜೊತೆಗೇ ನಡೆಯುತ್ತಿದ್ದ. ಗಡಿಯಾರದಕ್ಕನನ್ನು ಹೊತ್ತ ವ್ಯಾನು ಇಂಚಿಂಚಾಗಿ ಹಿಂದಕ್ಕೆ ಸರಿಯಿತು.