ಫೋನ್ ಮೊದಲೋ, ಡಿಕ್ಕಿ ಮೊದಲೋ

ರಾಯದುರ್ಗದಿಂದ ಮಡಕಶಿರಕ್ಕೆ ಹೊರಟ ಬಸ್ಸಿನಲ್ಲಿ ಯೋಗೀಶ ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದ. ‘ನೀರು ಕುಡಿಸಿದೆ ತಾಯಿ, ಎರಡು ಗುಟುಕು ಕುಡಿದರು.’ ಜೀನ್ಸ್ ಬಂಡಲುಗಳ ಟೆಂಪೋ ಓಡಿಸುತ್ತ ಹನ್ನೆರಡು ವರ್ಷ ಕಳೆದ ಗಂಡಸು ಹಾಗೆ ತುಟಿ ಅಲ್ಲಾಡಿಸುವುದನ್ನು ಕಂಡು, ಪಕ್ಕದ ಸೀಟಿನ ಮುದುಕಿ ಪಾಪ ಯಾವುದೋ ಜಪ ಎಂದುಕೊಂಡು ಸರಿದು ಜಾಗ ಬಿಟ್ಟಳು. ಜಪವಂತೆ ಜಪ!

ಏಳು ತಿಂಗಳ ಹಿಂದೆ ಒಂದು ಸಂಜೆ ಅಮರಾಪುರದ ಆಚೆಯ ತಿರುವಿನಲ್ಲಿ ಅವನ ಟೆಂಪೋ ಒಂದು ಮೊಪೆಡ್ಡಿಗೆ ಗುದ್ದಿತ್ತು. ಮೊಪೆಡ್ಡಿನ ಮೇಲಿದ್ದವರು ಸಣ್ಣತಿಮ್ಮಪ್ಪ ಎಂಬ ರೇಷ್ಮೆ ರೈತರು, ಹುಳುವಿಗೆ ಸೊಪ್ಪು ಹೇರಿಕೊಂಡು ಮನೆಗೆ ಹೊರಟಿದ್ದರು. ಯೋಗೀಶ ಅಲ್ಲಿ ನಿಲ್ಲಲಿಲ್ಲ. ಹಿಂದಿನಿಂದ ಬಂದವರು ಆಂಬುಲೆನ್ಸ್ ಕರೆಸುವಷ್ಟರಲ್ಲಿ ಅವರ ಜೀವ ಹೋಗಿತ್ತು.

ಮರುದಿನ ವಕೀಲ ರಘುನಾಥ್ ಜೊತೆ ಠಾಣೆಗೆ ಹೋಗಿ ಯೋಗೀಶ ಹೇಳಿಕೆ ಕೊಟ್ಟ. ಮೊಪೆಡ್ಡಿನವನ ಜೇಬಿನಲ್ಲಿ ಫೋನ್ ರಿಂಗಾಯಿತು, ತೆಗೆಯಲು ಒಂದು ಕೈ ಬಿಟ್ಟ, ಬ್ಯಾಲೆನ್ಸ್ ತಪ್ಪಿ ನನ್ನ ಕಡೆಗೇ ಬಂದ, ನಾನೇನು ಮಾಡಲಿ ಎಂದ. ಪೊಲೀಸರು ಸತ್ತವರ ಫೋನ್ ತೆಗೆದು ನೋಡಿದರೆ ಸರಿಯಾಗಿ ಅದೇ ಹೊತ್ತಿಗೆ ಅವರ ಮಗಳು ರಮ್ಯಶ್ರೀಯ ಮಿಸ್ಡ್ ಕಾಲ್ ಇತ್ತು. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಜಾಮೀನು ಸಿಕ್ಕಿತು.

“ಏಮೀ ಕಾದಪ್ಪಾ,” ಎಂದು ರಘುನಾಥ್ ತೆಲುಗಿನಲ್ಲಿ ಏನೂ ಆಗಲ್ಲವೆಂಬ ಧೈರ್ಯ ಹೇಳಿ, ಮತ್ತೆ ಕನ್ನಡಕ್ಕೆ ಬಂದಿದ್ದ. “ಫೋನಿನ ಮಾತು ಒಂದು ಗಟ್ಟಿ ಹಿಡ್ಕೋ. ಅದನ್ನ ಬಿಟ್ಟಿ ಅಂದ್ರ ಒಳಗ ಹೋದಿ ಅಂತ ತಿಳ್ಕೋ.”

ಯೋಗೀಶ ಗಟ್ಟಿಯಾಗಿಯೇ ಹಿಡಿದುಕೊಂಡಿದ್ದ. ಆದರೆ ಯಾರ ಫೋನ್ ರಿಂಗಾದರೂ ಬೆಚ್ಚುತ್ತಿದ್ದ. ಅಂಥ ಹೊತ್ತಿನಲ್ಲೇ ಮಡಕಶಿರದ ಓಬಳಪ್ಪ ಮೇಷ್ಟ್ರು ಕರೆ ಮಾಡಿದ್ದರು. ರಿಟೈರಾದ ಮೇಲೆ ಅವರಿಗೆ ಇದೊಂದು ಕೆಲಸ. ತಪ್ಪು ಮಾಡಿದವರನ್ನೂ ಅದರಿಂದ ನೊಂದವರನ್ನೂ, ಇಬ್ಬರೂ ಒಪ್ಪಿದರೆ, ಎದುರುಬದುರು ಕೂರಿಸುವುದು. ಸಣ್ಣತಿಮ್ಮಪ್ಪನವರ ಹೆಂಡತಿ ಆದಿಲಕ್ಷ್ಮಮ್ಮ ನಿನ್ನನ್ನು ನೋಡಬೇಕಂತೆ, ಬರುತ್ತೀಯಾ ಎಂದು ಕೇಳಿದರು. ವಕೀಲ, ಹೋಗಿ ಕಾಲಿಗೆ ಬಿದ್ದು ಬಾ, ಕೋರ್ಟಿನಲ್ಲಿ ಒಳ್ಳೆಯದಾಗುತ್ತದೆ ಎಂದ. ಯೋಗೀಶನ ಹೆಂಡತಿ ರೇಖಾ ಬೇರೆಯೇ ಒಂದು ಉಪಾಯ ಹೇಳಿಕೊಟ್ಟಳು.

“ನೀರ್ ಕುಡಿಸಿದೆ ಅಂತ ಹೇಳ್ರಿ. ಹೋಗೋರ ಬಾಯಿಗೆ ಎರಡು ಹನಿ ನೀರ್ ಬಿತ್ತು ಅಂದ್ರ ಆ ತಾಯಿ ಹೊಟ್ಟಿ ತಣ್ಣಗಾಗ್ತೈತಿ. ಯಾರಿಗೇನು ನಷ್ಟ?”

ಮೇಷ್ಟ್ರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಆದಿಲಕ್ಷ್ಮಮ್ಮ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ರಮ್ಯಶ್ರೀ, ಹತ್ತೊಂಬತ್ತರ ಹುಡುಗಿ, ತಲೆ ಎತ್ತದೆ ಕೂತಿದ್ದಳು. ಯೋಗೀಶ ಬಂದವನೇ ಕಾಲಿಗೆ ಬೀಳಲು ಬಗ್ಗಿದ. ಆದಿಲಕ್ಷ್ಮಮ್ಮ ಕಾಲು ಎಳೆದುಕೊಂಡರು.

“ಅದೆಲ್ಲ ಬ್ಯಾಡ ಕಣಪ್ಪ. ಕುಂತ್ಕೋ.”

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹೇಳಿದರು. “ಇದು ಪಂಚಾಯ್ತಿ ಅಲ್ಲ. ಇಲ್ಲಿ ದಂಡ ಹಾಕೋರಿಲ್ಲ, ನ್ಯಾಯ ಹೇಳೋರಿಲ್ಲ. ಕೇಸು ಕೋರ್ಟಾಗೆ ಅದರ ಪಾಡಿಗೆ ಅದು ನಡೀತದೆ. ನೋವು ಉಂಡೋರು ಮೊದ್ಲು ಮಾತಾಡ್ತಾರೆ. ಮಾಡಿದೋನು ಕೇಳಿಸ್ಕೊಂಡು, ಕೇಳಿದ್ದಕ್ಕೆ ಉತ್ತರ ಕೊಡ್ಬೇಕು. ಏನು ಸರಿಮಾಡೋಕಾಗ್ತದೆ ಅನ್ನೋದನ್ನ ನೀವ್ ನೀವೇ ಮಾತಾಡ್ಕೊಳ್ಳಿ. ನಾನು ಬಾಯಿ ಹಾಕಲ್ಲ.”

ಆದಿಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಶುರುಮಾಡಿದರು. ಬೈಗುಳ ಬರುತ್ತದೆಂದು ಯೋಗೀಶ ಹಲ್ಲು ಕಚ್ಚಿ ಕೂತಿದ್ದ. ಬೈಗುಳ ಬರಲಿಲ್ಲ. ಅವರು ಮಗಳ ಕಥೆ ಹೇಳಿದರು. “ನಾನು ಫೋನ್ ಮಾಡಿದ್ದಕ್ಕೇ ಅಪ್ಪ ಸತ್ತ ಅಂತ ಇವಳು ನಂಬ್ಕೊಂಡವ್ಳೆ. ಬಸ್ಸಿಳಿದು ಅಮರಾಪುರದಾಗೆ ನಿಂತಿದ್ಲು, ಎಲ್ಲಿದೀಯಪ್ಪ ಅಂತ ಕೇಳಾಕೆ ಮಾಡಿದ್ದು. ಆವತ್ತಿಂದ ಕಾಲೇಜು ಬಿಟ್ಲು. ಫೋನ್ ಮುಟ್ಟಲ್ಲ. ಒಂದು ಹನಿ ಕಣ್ಣೀರು ಹಾಕ್ಲಿಲ್ಲ ಕಣಪ್ಪ, ಅಪ್ಪನ ಹೆಣದ ಮುಂದೇನೂ ಅಳ್ಲಿಲ್ಲ. ಸರಿಯಾಗಿ ಮಾತೂ ಆಡಲ್ಲ. ಗಂಡನ್ನಂತೂ ಕಳ್ಕೊಂಡೆ, ಇವಳನ್ನೂ ಕಳ್ಕೊಳ್ಳಾಕೆ ನನ್ನ ಕೈಲಾಗಲ್ಲ.” ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದರು. “ಕೊನೇಲಿ ಅವರ ಹತ್ರ ಇದ್ದೋನು ನೀನೊಬ್ನೇ. ಏನಾಯ್ತು ಹೇಳು. ಏನಾರ ಅಂದ್ರಾ ಅವರು?”

ಯೋಗೀಶ ಬಾಯಿಪಾಠ ಒಪ್ಪಿಸಿದ. “ನೀರ್ ಕೇಳಿದ್ರಮ್ಮ. ನನ್ನ ಬಾಟ್ಲಿ ನೀರೇ ಕುಡಿಸಿದೆ. ಎರಡು ಗುಟುಕು ಕುಡದ್ರು.”

ಆ ತಾಯಿಯ ಮುಖ ಸಡಿಲವಾಯಿತು. ಕಣ್ಣು ತುಂಬಿ ಬಂತು. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು, ಆದರೆ ಮೈಯೊಳಗಿನ ಪುಕ್ಕಲು ಸುಮ್ಮನಿರಬೇಕಲ್ಲ! ಇನ್ನೊಂದು ತುತ್ತು ಸಮಾಧಾನ ಬಡಿಸೋಣ ಎಂದುಕೊಂಡು ಹೇಳಿಯೇಬಿಟ್ಟ. “ಶಿವಾ ಶಿವಾ ಅಂದ್ರಮ್ಮ. ಹಂಗ ಅಂತಾನ ಕಣ್ಣು ಮುಚ್ಚಿದ್ರು.”

ಅವನೂರಿನ ಅವನ ಮನೆಯಲ್ಲಿ ಹುಟ್ಟಿದರೂ ಶಿವ, ಸತ್ತರೂ ಶಿವ, ಹೊಸ್ತಿಲು ಎಡವಿದರೂ ಶಿವ. ಸಾಯುವವನ ಬಾಯಲ್ಲಿ ಬೇರೆ ಹೆಸರು ಬಂದೀತು ಎಂಬುದೇ ಅವನಿಗೆ ಹೊಳೆದಿರಲಿಲ್ಲ.

“ಶಿವ ಅಂದ್ರಾ?” ಆದಿಲಕ್ಷ್ಮಮ್ಮನ ದನಿ ತಗ್ಗಿತು. “ನಮ್ಮೆಜಮಾನ್ರು ರಂಗನಾಥಸ್ವಾಮಿ ಒಕ್ಕಲು ಕಣಪ್ಪ. ಹಣೆಗೆ ನಾಮ ಇಕ್ಕದೆ ಒಂದಿನ ಹೊಲಕ್ಕೋದೋರಲ್ಲ. ಮುಳ್ಳು ಚುಚ್ಚಿದ್ರೂ ಗೋವಿಂದ, ಎಮ್ಮೆ ಒದ್ದರೂ ಗೋವಿಂದ. ನಿನ್ನ ಟೆಂಪೋ ಗುದ್ದಿದ್ದಕ್ಕೆ ದೇವರನ್ನೇ ಬದಲಾಯಿಸ್ಬುಟ್ರಾ?”

ಹಣೆಯ ಮೇಲೆ ನಾಮವಿತ್ತೇ? ಇದ್ದಿರಬೇಕು. ಅವನು ಕಂಡದ್ದು ಹಣೆ ತುಂಬ ರಕ್ತ. ಯೋಗೀಶ ಮೇಷ್ಟ್ರ ಕಡೆ ನೋಡಿದ. ಅವರು ಹೇಳಿದ್ದಂತೆಯೇ ಬಾಯಿ ಹಾಕಲಿಲ್ಲ.

ಆಗ ರಮ್ಯಶ್ರೀ ತಲೆ ಎತ್ತಿದಳು. ಎಷ್ಟೋ ದಿನದಿಂದ ಬಳಸದ ದನಿ, ಒಡೆದು ಒಡೆದು ಬಂತು.

“ಅದು ಸುಳ್ಳಾದ್ರೆ, ಫೋನಿಂದು?”

ಯೋಗೀಶನಿಗೆ ರಘುನಾಥನ ಮಾತು ನೆನಪಾಯಿತು, ಜೈಲು ನೆನಪಾಯಿತು, ಸ್ಕೂಲಿಗೆ ಹೋಗುವ ತನ್ನ ಇಬ್ಬರು ಮಕ್ಕಳು ನೆನಪಾದರು. ‘ನಿಜಾನೇ ತಂಗಿ, ಫೋನ್ ಬಂದದ್ದಕ್ಕೇ’ ಅಂದುಬಿಟ್ಟರೆ ಆಯಿತು. ಇಲ್ಲ ಎನ್ನಲು ಜಗತ್ತಿನಲ್ಲಿ ಒಬ್ಬ ಸಾಕ್ಷಿಯೂ ಇಲ್ಲ. ಬಾಯಿ ತೆರೆದ. ಹುಡುಗಿ ಅವನ ತುಟಿಯನ್ನೇ ನೋಡುತ್ತಿದ್ದಳು, ಮುಂದಕ್ಕೆ ಬಾಗಿ, ಎರಡೂ ಕೈಯಲ್ಲಿ ಚಾಪೆಯ ಅಂಚು ಹಿಡಿದುಕೊಂಡು. ಥೂ, ಇವಳಿಗೆ ನಾನು ಏನು ಮಾಡಿಟ್ಟಿದ್ದೇನೆ ಅನ್ನಿಸಿತು ಅವನಿಗೆ.

“ಇಲ್ಲ ತಂಗಿ,” ಎಂದ. “ಫೋನ್ ಆಮ್ಯಾಲೆ ಬಂತು.”

“ಯಾವಾಗ?”

“ಗುದ್ದಿದ ಮ್ಯಾಲೆ. ತಿರುವಿನಾಗ ರಾಂಗ್ ಸೈಡ್ ಹೊಕ್ಕಾಂವ ನಾನು. ನಿಮ್ಮಪ್ಪ ಅವರ ದಾರಿಯಾಗ ಅವರು ಬರಾಕತ್ತಿದ್ರು, ಎರಡೂ ಕೈ ಹ್ಯಾಂಡಲ್ ಮ್ಯಾಲೇ ಇದ್ದವು. ನಾ ಇಳದು ಹತ್ರ ಹೋದೆ. ಆಗ ಜೇಬಿನಾಗ ಫೋನ್ ರಿಂಗ್ ಆತು. ನಿನ್ನ ಕಾಲಿಂದ ಏನೂ ಆಗಿಲ್ಲವ್ವ. ಎಲ್ಲಾ ನನ್ನಿಂದ ಆದದ್ದು.”

“ನೀರು?” ಎಂದರು ಆದಿಲಕ್ಷ್ಮಮ್ಮ.

“ಕೇಳಿದ್ದು ಖರೇ. ಬಾಟ್ಲಿ ತರಾಕ ಅಂತ ಟೆಂಪೋ ಹತ್ತಿದೆ ಅಮ್ಮ. ಹತ್ತಿದ ಮ್ಯಾಲೆ ಇಳೀಲಿಲ್ಲ.” ಅವನು ಅಳತೊಡಗಿದ. ಯಾರೂ ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

“ಇದನ್ನೇ ಕೋರ್ಟಾಗೂ ಹೇಳ್ಬೇಕು,” ಎಂದರು ಆದಿಲಕ್ಷ್ಮಮ್ಮ. “ನನಗೆ ಬ್ಯಾರೆ ಏನೂ ಬ್ಯಾಡ. ನನ್ನ ಮಗಳ ಹೆಸರು ಆ ಪೊಲೀಸ್ ಕಾಗದದಾಗೆ ಇರಬಾರ್ದು.”

“ಹೇಳ್ತೀನ್ರಿ ಅಮ್ಮ.”

“ಜೈಲಾದ್ರೂವೆ?”

“ಆದ್ರೂನೂ ಹೇಳ್ತೀನ್ರಿ.” ಹೇಳಿದ್ದೇನೋ ಹೌದು, ಆದರೆ ರೇಖಾಗೆ ಏನು ಹೇಳುವುದು ಎಂದು ಯೋಚಿಸಲು ಹೋಗಿ ಅರ್ಧಕ್ಕೇ ಬಿಟ್ಟ.

ಮೇಷ್ಟ್ರು ಅವನು ಒಪ್ಪಿದ್ದನ್ನು ಬರೆದುಕೊಳ್ಳಲು ಪೆನ್ನು ತೆಗೆದರು. ಅಷ್ಟರಲ್ಲಿ ರಮ್ಯಶ್ರೀ ಮತ್ತೆ ಮಾತಾಡಿದಳು.

“ಫೋನ್ ರಿಂಗ್ ಆಯ್ತಲ್ಲ. ಎತ್ತಬೋದಿತ್ತಲ್ಲ ನೀವು? ನಾನು ಅಲ್ಲೇ ಇದ್ದೆ, ಅಮರಾಪುರದಾಗೆ. ಆಟೋ ಹಿಡಿದಿದ್ರೆ ಐದು ನಿಮಿಷಕ್ಕೆ ಬಂದು ನಾನೇ ಅಪ್ಪನ್ನ ಎತ್ಕೊಂಡ್ ಹೋಗ್ತಿದ್ದೆ. ಎತ್ತಬೋದಿತ್ತಲ್ಲ?”

ಇದಕ್ಕೆ ವಕೀಲ ಏನೂ ಹೇಳಿಕೊಟ್ಟಿರಲಿಲ್ಲ, ಹೆಂಡತಿಯೂ ಹೇಳಿಕೊಟ್ಟಿರಲಿಲ್ಲ.

“ಎತ್ತಬೋದಿತ್ತವ್ವ,” ಎಂದ ಯೋಗೀಶ.

ಹುಡುಗಿ ಒಮ್ಮೆಲೇ ಅತ್ತಳು. ಏಳು ತಿಂಗಳು ಹಿಡಿದಿಟ್ಟಿದ್ದ ಅಳು, ಅಪ್ಪಾ ಎಂದು ಕೂಗಿಕೊಂಡು, ಎದೆ ಬಡಿದುಕೊಂಡು, ಬೀದಿಯಲ್ಲಿ ಹೋಗುವವರು ಬಾಗಿಲಲ್ಲಿ ಇಣುಕುವಷ್ಟು ಜೋರಾಗಿ. ಮೇಷ್ಟ್ರು ಗಾಬರಿಯಾಗಿ ಎದ್ದರು. “ಅಳ್ಲಿ ಬಿಡಿ ಸಾಮಿ, ಅಳ್ಲಿ,” ಎಂದು ಆದಿಲಕ್ಷ್ಮಮ್ಮ ಅವರನ್ನು ತಡೆದು ಮಗಳನ್ನು ತೊಡೆಗೆ ಎಳೆದುಕೊಂಡರು.

ಯೋಗೀಶನಿಗೆ ಅಲ್ಲಿ ಇರಲಾಗಲಿಲ್ಲ. ಆ ಅಳು ಕಿವಿಯಲ್ಲಿ ಕಾದ ಎಣ್ಣೆ ಹುಯ್ದಂತಾಗುತ್ತಿತ್ತು. ಕೈಮುಗಿದು, “ಬರ್ತೀನ್ರಿ ಅಮ್ಮ,” ಎಂದು ಗೊಣಗಿ, ಚಪ್ಪಲಿ ಬಿಟ್ಟಿದ್ದ ಬಾಗಿಲ ಕಡೆ ಹೆಜ್ಜೆ ಇಟ್ಟ.

“ಎಲ್ಲಿಗೆ?” ಆದಿಲಕ್ಷ್ಮಮ್ಮ ಮಗಳ ತಲೆಯಿಂದ ಕೈ ತೆಗೆಯದೆ ಕೇಳಿದರು. “ಆವತ್ತು ಓಡ್ದೆ. ಇವತ್ತು ಬಿಡಲ್ಲ. ಅವಳು ಅತ್ತು ಮುಗಿಸೋವರ್ಗೂ ಇಲ್ಲೇ ಇರ್ಬೇಕು. ಬಾ, ಕುಂತ್ಕೋ.”

ಯೋಗೀಶ ತಿರುಗಿ ಬಂದು, ಆ ಹುಡುಗಿಯ ಎದುರಿಗೇ ಕೂತ.